ಮಾರ್ಗಳಿ, ಮಕ್ಕಳಿಸೈ ಮತ್ತು ನಾವು

ಊರಿನಿಂದ ಚೆನ್ನೈಗೆ ಹೊಸದಾಗಿ ಬಂದಿದ್ದ ಹಿರಿಯರೊಬ್ಬರು ಗೋಡೆಯ ಮೇಲಿನ 'ಮಾರ್ಗಳಿಯಿಲ್ ಮಕ್ಕಳಿಸೈ' ಎಂಬ ಭಿತ್ತಿಪತ್ರವನ್ನು ನಮ್ಮಿಂದ ಓದಿಸಿಕೊಂಡು, "ಮಕ್ಕಳ ಸಂಗೀತವೋ? ಹಾಗಾದರೆ ನಮ್ಮ ಮೊಮ್ಮಗಳನ್ನೂ ಸೇರಿಸಬಹುದಲ್ಲ!" ಎಂದು ಸಂತೋಷಪಟ್ಟರು. ನಮಗೆ ನಗು ಬಂತು. ತಮಿಳಿನಲ್ಲಿ 'ಮಕ್ಕಳ್' ಎಂದರೆ ಜನ, ಜನತೆ; 'ಮಕ್ಕಳಿಸೈ' ಎಂದರೆ ಜನರ ಸಂಗೀತ ಎಂದು ವಿವರಿಸಿದೆವು. ಆಮೇಲೆ ಯೋಚಿಸಿದಾಗ, ಅವರ ಮಾತು ಅಷ್ಟೇನೂ ತಪ್ಪಲ್ಲವೆನಿಸಿತು. ಹೆಣ್ಣುಮಕ್ಕಳು, ಗಂಡುಮಕ್ಕಳು, ಒಕ್ಕಲುಮಕ್ಕಳು ಎನ್ನುವಾಗ ನಾವೂ 'ಮಕ್ಕಳು' ಎಂದು ಜನರನ್ನೇ ಕರೆಯುತ್ತೇವಲ್ಲವೆ? ಆ ಜನರ ಹಾಡಿಗೆ ಈ ನಗರದ ಚಳಿಗಾಲದ ಸಂಗೀತೋತ್ಸವದಲ್ಲಿ ಒಂದು ವೇದಿಕೆ ದೊರೆತ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾರ್ಗಳಿ ಎಂದರೆ ನಮ್ಮ ಧನುರ್ಮಾಸ. ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗಿನ ತಿಂಗಳು. ಮಳೆ ನಿಂತಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಮದುವೆಗಳಿಲ್ಲದ ಈ ತಿಂಗಳಲ್ಲಿ ಚೆನ್ನೈ ನಗರ ಕಛೇರಿಗಳಲ್ಲಿ ಮುಳುಗಿಹೋಗುತ್ತದೆ. ಸಭಾಗಳು, ಅವುಗಳ ಕ್ಯಾಂಟೀನುಗಳು, ಮಧ್ಯಾಹ್ನದ ಉಚಿತ ಕಛೇರಿ, ಸಂಜೆಯ ಟಿಕೆಟ್ಟಿನ ಕಛೇರಿ, ಇವೆಲ್ಲ ಅನಾದಿಕಾಲದಿಂದ ನಡೆದುಬಂದಂತೆ ತೋರುತ್ತವೆ. ಆದರೆ ಈ ಉತ್ಸವಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲ.

1927ರ ಡಿಸೆಂಬರಿನಲ್ಲಿ ಡಾ. ಎಂ. ಎ. ಅನ್ಸಾರಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನ ಮದರಾಸಿನಲ್ಲಿ ಸೇರಿತು. ಅದರ ಜೊತೆಗೇ ಅಖಿಲ ಭಾರತ ಸಂಗೀತ ಸಮ್ಮೇಳನವೊಂದು ನಡೆಯಿತು. ಸಂಗೀತಕ್ಕೊಂದು ಅಕಾಡೆಮಿ ಬೇಕೆಂದು ಅಲ್ಲಿ ನಿರ್ಣಯವಾಯಿತು. 1928ರ ಆಗಸ್ಟಿನಲ್ಲಿ ಮ್ಯೂಸಿಕ್ ಅಕಾಡೆಮಿ ಉದ್ಘಾಟನೆಗೊಂಡಿತು. ಅಕಾಡೆಮಿಯ ಸಮ್ಮೇಳನ ಕ್ರಿಸ್‌ಮಸ್ ರಜೆಗೆ ಹೊಂದಿಕೊಂಡು ಡಿಸೆಂಬರಿನಲ್ಲಿ ನೆಲೆನಿಂತದ್ದು ಆಮೇಲೆ. ಅಂದರೆ ಇದು ರಾಜಕೀಯ ಸಭೆಯ ಮಗ್ಗುಲಲ್ಲಿ ಹುಟ್ಟಿ, ರಜೆಯ ಅನುಕೂಲ ನೋಡಿ ಬೆಳೆದ ಉತ್ಸವ. ಸಂಘಟಕರು ಕಟ್ಟಿದ ಉತ್ಸವ.

ಆ ಕಟ್ಟುವಿಕೆಯಲ್ಲಿ ನಮ್ಮವರ ಕೈಯೂ ಇತ್ತೆಂಬುದನ್ನು ಹೆಮ್ಮೆಯಿಂದ ನೆನೆಯಬಹುದು. ಅಕಾಡೆಮಿಯ ಮೊದಲ ಅಧ್ಯಕ್ಷರು ಡಾ. ಉಡುಪಿ ರಾಮರಾಯರು, ದಕ್ಷಿಣ ಕನ್ನಡದಿಂದ ಬಂದು ಮದರಾಸಿನಲ್ಲಿ ಹೆಸರು ಮಾಡಿದ ವೈದ್ಯರು. ಅಕಾಡೆಮಿಯ ಸಂಗೀತ ಕಲಾನಿಧಿ ಪದವಿ 1935ರಲ್ಲಿ ಮೈಸೂರು ವಾಸುದೇವಾಚಾರ್ಯರಿಗೂ 1957ರಲ್ಲಿ ಪಿಟೀಲು ಚೌಡಯ್ಯನವರಿಗೂ ಸಂದಿತು. ಅಕಾಡೆಮಿಯ ಈಗಿನ ಸಭಾಂಗಣವನ್ನು 1962ರಲ್ಲಿ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು.

ಈ ಉತ್ಸವದ ಬಾಗಿಲು ಒಮ್ಮೆಗೇ ಪೂರ್ತಿ ತೆರೆದದ್ದಲ್ಲ. 1931ರಲ್ಲಿ ಇ. ಕೃಷ್ಣ ಅಯ್ಯರ್ ಅವರ ಪ್ರಯತ್ನದಿಂದ, ದೇವದಾಸಿ ಪರಂಪರೆಗೆ ಸೇರಿದ ಕಲ್ಯಾಣಿಯವರ ಹೆಣ್ಣುಮಕ್ಕಳು ಅಕಾಡೆಮಿಯ ವೇದಿಕೆಯಲ್ಲಿ ನರ್ತಿಸಿದರು. ಆ ನೃತ್ಯವನ್ನೇ ನಿಲ್ಲಿಸಬೇಕೆಂಬ ಕೂಗು ಬಲವಾಗಿದ್ದ ಕಾಲವದು. ಅದೇ ಪರಂಪರೆಯ ಬಾಲಸರಸ್ವತಿಯವರಿಗೆ 1973ರಲ್ಲಿ ಸಂಗೀತ ಕಲಾನಿಧಿ ಪದವಿ ದೊರೆಯಿತು. ನಡುವೆ ನಲವತ್ತೆರಡು ವರ್ಷ! ತೆಲುಗು, ಸಂಸ್ಕೃತ ಕೃತಿಗಳ ನಡುವೆ ತಮಿಳು ಹಾಡುಗಳಿಗೆ ಸ್ಥಳವಿಲ್ಲವೆಂಬ ಅಸಮಾಧಾನದಿಂದ ತಮಿಳಿಸೈ ಚಳವಳಿ ಎದ್ದಿತು; ರಾಜಾ ಅಣ್ಣಾಮಲೈ ಚೆಟ್ಟಿಯಾರರ ಬೆಂಬಲದೊಡನೆ 1943ರಲ್ಲಿ ತಮಿಳಿಸೈ ಸಂಘ ಸ್ಥಾಪನೆಯಾಯಿತು. ನೃತ್ಯ ಬಂದಾಗಲೂ ತಮಿಳು ಬಂದಾಗಲೂ 'ಸಂಪ್ರದಾಯ ಕೆಟ್ಟಿತು' ಎಂದವರಿದ್ದರು. ಇಂದು ಅವೆರಡೂ ಸಂಪ್ರದಾಯವೇ ಆಗಿಹೋಗಿವೆ.

ಇಷ್ಟಾದರೂ ಹೊರಗೇ ಉಳಿದವರು ಬಹಳ. ಸಾವಿನ ಮನೆಯ ಒಪ್ಪಾರಿ, ಪರೈ ವಾದ್ಯ, ತೆರುಕೂತ್ತು, ಉತ್ತರ ಚೆನ್ನೈಯ ಓಣಿಗಳಲ್ಲಿ ಹುಟ್ಟಿದ ಗಾನಾ ಹಾಡು, ಇವು ಯಾವುವೂ ಸಭಾದ ಮೆಟ್ಟಿಲು ಹತ್ತಿರಲಿಲ್ಲ. ಪರೈ ನುಡಿಸುವವರ ಜಾತಿಯೇ ಅದಕ್ಕೆ ಅಡ್ಡವಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು ಕಡೆ ಸಿನಿಮಾ ಇತ್ತು. ಸಭಾವೂ ಬೇಡ, ಸಿನಿಮಾವೂ ಬೇಡ, ನಮ್ಮ ಹಾಡನ್ನು ನಾವೇ ಬರೆದು ನಾವೇ ಹಾಡುತ್ತೇವೆ ಎನ್ನುವ ಯುವಕರಿಗೆ, ಈಗ 'ಇಂಡಿ' ಎಂದು ಕರೆಯಿಸಿಕೊಳ್ಳುವ ಸ್ವತಂತ್ರ ಗಾಯಕರಿಗೆ, ಇವೆರಡರ ನಡುವೆ ನಿಲ್ಲಲು ನೆಲವೇ ಇರಲಿಲ್ಲ.

ಬದಲಾವಣೆ ಹೆಜ್ಜೆ ಹೆಜ್ಜೆಯಾಗಿ ಬಂತು. 2007ರಲ್ಲಿ 'ಚೆನ್ನೈ ಸಂಗಮಂ' ಪ್ರಾರಂಭವಾಗಿ ಜನಪದ ಕಲಾವಿದರನ್ನು ಉದ್ಯಾನಗಳಿಗೂ ಕಡಲ ತೀರಕ್ಕೂ ಕರೆತಂದಿತು. 2011ರ ನಂತರ ನಿಂತುಹೋಗಿದ್ದ ಅದು 2023ರ ಪೊಂಗಲ್ ಸಮಯಕ್ಕೆ ಮತ್ತೆ ಜೀವ ತಳೆಯಿತು. 2015ರಲ್ಲಿ ಬೆಸೆಂಟ್ ನಗರದ ಪಕ್ಕದ ಮೀನುಗಾರರ ಊರೂರ್ ಆಲ್ಕಾಟ್ ಕುಪ್ಪದಲ್ಲಿ, ಗಾಯಕ ಟಿ. ಎಂ. ಕೃಷ್ಣ ಮತ್ತು ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮೊದಲಾದವರು ಕುಪ್ಪದ ಜನರೊಡನೆ ಸೇರಿ ಒಂದು ಉತ್ಸವ ಆರಂಭಿಸಿದರು. ಶಾಸ್ತ್ರೀಯ ಗಾಯನವೂ ಪರೈಯಾಟ್ಟವೂ ಅಲ್ಲಿ ಒಂದೇ ಉತ್ಸವದ ಅಂಗಗಳಾದವು. ಕೇಳುಗರು ಸಭಾಂಗಣ ಬಿಟ್ಟು ಮೀನುಗಾರರ ಬೀದಿಗೆ ಬರಬೇಕಾಯಿತು.

2018ರ ಜನವರಿ 6ರಂದು ಕಿಲ್ಪಾಕಿನಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ಮೊದಲ ಬಾರಿಗೆ ಹಾಡಿತು. ಚಿತ್ರ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಂಸ್ಥೆಯೂ ಸಂಗೀತಗಾರ ತೆನ್ಮಾ ಅವರೂ ಕೂಡಿ ಕಟ್ಟಿದ ತಂಡವಿದು. ಜಾತಿಯಿಲ್ಲದ ತಮಿಳರೆಂಬ ಅಯೋತಿದಾಸ ಪಂಡಿತರ (1845–1914) ಮಾತಿನಿಂದ ಈ ಹೆಸರು ಬಂತು. ಗಾನಾ, ರಾಕ್, ರ‍್ಯಾಪ್ ಎಲ್ಲವೂ ಒಂದೇ ಉಸಿರಿನಲ್ಲಿ ಸೇರಿದ ಸಂಗೀತ ಅದು. ಇದೇ ನೀಲಂ ಸಂಸ್ಥೆ 2020ರ ಡಿಸೆಂಬರಿನಲ್ಲಿ 'ಮಾರ್ಗಳಿಯಿಲ್ ಮಕ್ಕಳಿಸೈ' ಏರ್ಪಡಿಸಿತು. ಕೊರೊನಾ ಕಾರಣದಿಂದ ಅಕಾಡೆಮಿಯ ಕಛೇರಿಗಳೇ ಅಂತರಜಾಲಕ್ಕೆ ಸರಿದಿದ್ದ ವರ್ಷವದು. ಮರುವರ್ಷ ಚೆನ್ನೈಯ ಜೊತೆಗೆ ಮದುರೈ, ಕೊಯಮತ್ತೂರುಗಳಲ್ಲೂ ಈ ಉತ್ಸವ ನಡೆಯಿತು. 'ಮಾರ್ಗಳಿ' ಎಂಬ ಹೆಸರನ್ನು ಉಳಿಸಿಕೊಂಡದ್ದರಲ್ಲೇ ಸಂಘಟಕರ ಜಾಣತನವಿದೆ. ಬೇರೆ ತಿಂಗಳಲ್ಲಿ ನಡೆಸಿದ್ದರೆ ಅದು ಇನ್ನೊಂದು ಜಾನಪದ ಮೇಳವಾಗುತ್ತಿತ್ತು. ಅದೇ ತಿಂಗಳನ್ನು ಹಿಡಿದದ್ದರಿಂದ 'ಈ ಊರಿನ ಸಂಗೀತ ಯಾರದು?' ಎಂಬ ಪ್ರಶ್ನೆ ತಾನಾಗಿ ಎದ್ದಿತು. ಯುನೆಸ್ಕೊ 2017ರಲ್ಲಿ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರವೆಂದು ಗುರುತಿಸಿದ ಮೇಲಂತೂ ಅದಕ್ಕೆ ಉತ್ತರ ಹೇಳಲೇಬೇಕಾಗಿತ್ತು.

"ಶಾಸ್ತ್ರೀಯ ಸಂಗೀತಕ್ಕೆ ವರ್ಷದಲ್ಲಿ ಒಂದೇ ತಿಂಗಳು ಮೀಸಲು, ಅಲ್ಲೂ ಬೇರೆಯದನ್ನು ತರಬೇಕೆ?" ಎಂದು ಕೇಳುವ ರಸಿಕರಿದ್ದಾರೆ. ಅವರ ಕಳವಳ ನಮಗೆ ಅರ್ಥವಾಗದ್ದಲ್ಲ; ಮಧ್ಯಾಹ್ನದ ಕಛೇರಿಯಲ್ಲಿ ಹತ್ತು ಜನರ ಮುಂದೆ ಹಾಡುವ ಎಳೆಯ ಗಾಯಕಿಯನ್ನು ನಾವೂ ಕಂಡಿದ್ದೇವೆ. ಆದರೆ ಒಂದು ಸಂಜೆ ಪರೈ ಕೇಳಿದ್ದರಿಂದ ತೋಡಿ ರಾಗ ಸೊರಗಿದ್ದನ್ನು ನಾವು ಕಂಡಿಲ್ಲ.

ನಿಜವಾದ ತೊಡಕುಗಳು ಸಂಘಟಿಸುವಾಗ ಎದುರಾಗುತ್ತವೆ. ಪರೈಯಾಗಲಿ ನಮ್ಮ ತಮಟೆಯಾಗಲಿ ಚರ್ಮದ ವಾದ್ಯ. ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಬೇಕು, ಚಳಿಗಾಲದಲ್ಲಂತೂ ಮತ್ತೆ ಮತ್ತೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಬೆಂಕಿಗೆ ಎಲ್ಲಿ ಅನುಮತಿ? ಕುಳಿತು ಹಾಡುವವರಿಗೆಂದು ಇಟ್ಟ ಮೈಕು, ಸುತ್ತುತ್ತ ಕುಣಿಯುತ್ತ ಹಾಡುವವರಿಗೆ ಒದಗುವುದಿಲ್ಲ. ರಾತ್ರಿಯಿಡೀ ನಡೆಯುವ ಕೂತ್ತನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ವೇಷ ಮಾತ್ರ. ಹತ್ತು ಹನ್ನೆರಡು ಮಂದಿಯ ತಂಡಕ್ಕೆ ಪ್ರಯಾಣ, ಊಟ, ವಸತಿ, ಸಂಭಾವನೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಇವನ್ನೆಲ್ಲ ಮೊದಲೇ ಯೋಚಿಸಿದವನು ಮಾತ್ರ ಕಲಾವಿದನನ್ನು ಅತಿಥಿಯಾಗಿ ಕರೆದಂತೆ. ಇಲ್ಲದಿದ್ದರೆ ಅದು ಮೆರವಣಿಗೆಗೆ ಜನ ಕೂಡಿಸಿದಂತೆ.

ಇದನ್ನು ನಾವು ಪರರಿಗೆ ಉಪದೇಶವಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವೇ ಮುಂದೆ ನಿಂತು ನಡೆಸಿದ ಒಂದು ರಾಜ್ಯೋತ್ಸವಕ್ಕೆ ಊರಿನಿಂದ ತಮಟೆಯ ತಂಡವನ್ನು ಕರೆಸಿದ್ದೆವು. ಅವರು ಹಿತ್ತಲಿನಲ್ಲಿ ನಾಲ್ಕು ಕಾಗದ, ತೆಂಗಿನ ಗರಿ ಕೂಡಿಸಿ ಬೆಂಕಿ ಮಾಡಿಕೊಂಡರು. ಕಾವಲುಗಾರ ಬಂದು ನೀರು ಸುರಿದ. ಒಳಗೆ ಭಾಷಣಗಳು ಬೆಳೆದವು. ಸನ್ಮಾನಗಳು ಮುಗಿಯುವಷ್ಟರಲ್ಲಿ ಅವರ ಪಾಲಿಗೆ ಉಳಿದದ್ದು ಏಳೇ ನಿಮಿಷ. ಕಾಯದ ತಮಟೆ ಮಂಕಾಗಿ ನುಡಿಯಿತು. "ಅಂಥದ್ದೇನೂ ಇಲ್ಲವಲ್ಲ!" ಎಂದು ನಮ್ಮ ಪಕ್ಕದಲ್ಲಿ ಕುಳಿತವರು ಹೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು. ಹೊರಡುವಾಗ ತಂಡದ ಹಿರಿಯ, "ಸ್ವಾಮೀ, ಇನ್ನೊಂದು ಸಲ ಕರೀರಿ, ಕಾಯಿಸಿಕೊಂಡೇ ಬಾರಿಸ್ತೀವಿ" ಎಂದಷ್ಟೇ ಹೇಳಿದ. ಆ ಮಾತು ಇಂದಿಗೂ ನಮ್ಮನ್ನು ಕುಟುಕುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದ ದಿನ ಸಂತೋಷದ ಜೊತೆಗೆ ಆ ಸಂಜೆಯೂ ನೆನಪಾಯಿತು.

ದೂರದ ಊರಿನಲ್ಲಿ ಕನ್ನಡವನ್ನು ಉಳಿಸುತ್ತೇವೆನ್ನುವ ನಮ್ಮ ಸಂಘಗಳಲ್ಲಿ ದೇವರನಾಮಕ್ಕೆ ಸಮಯವಿದೆ, ಸುಗಮ ಸಂಗೀತಕ್ಕೆ ಸಮಯವಿದೆ, ಅವಿರಲಿ, ಬೆಳೆಯಲಿ. ಆದರೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ, ಚೌಡಿಕೆ ಹಿಡಿದ ಜೋಗತಿಯರಿಗೆ, ತಾವೇ ಪದ ಕಟ್ಟಿ ಹಾಡುವ ಇಂದಿನ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಪೂರ್ತಿ ಸಂಜೆಯನ್ನು ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಊರೆಲ್ಲ ಸಂಗೀತ ಕೇಳಲು ಅಣಿಯಾಗಿರುವ ಈ ಮಾರ್ಗಳಿಗಿಂತ ಒಳ್ಳೆಯ ಕಾಲ ಇನ್ನಾವುದು?

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮದೊಂದು ಸಣ್ಣ ವಿನಂತಿ. ಮುಂದಿನ ಧನುರ್ಮಾಸದಲ್ಲಿ ಒಂದು ಸಂಜೆ ಭಾಷಣವಿಲ್ಲದಿರಲಿ, ಶಾಲು ಹಾರಗಳಿಲ್ಲದಿರಲಿ. ಎರಡೇ ತಂಡ ಸಾಕು. ಸಂಭಾವನೆಯನ್ನು ಮೊದಲೇ ನಿಶ್ಚಯಿಸಿ, ಬಂದ ದಿನವೇ ಕೈಗೆ ಕೊಡೋಣ. ಹಿತ್ತಲಿನಲ್ಲಿ ಒಂದು ಬಾಣಲಿ ಕೆಂಡವನ್ನೂ, ಮುನ್ನೆಚ್ಚರಿಕೆಗೆ ಪಕ್ಕದಲ್ಲೊಂದು ಬಕೆಟ್ ನೀರನ್ನೂ ಇಡೋಣ. ಕಾವಲುಗಾರನಿಗೆ ಹೇಳುವ ಕೆಲಸ ನಮಗಿರಲಿ.