ದೇವರ ಕಥೆ ಬರೆದ ಬಟ್ಟೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ ಹೋಗಿ, ಅಲ್ಲಿಯ ಮಕ್ಕಳನ್ನು ‘ಕಲಮ್ ಎಂದರೇನು?’ ಎಂದು ಕೇಳಿರಿ. ಉರ್ದು ಮನೆಮಾತಿನ ಆ ಮಕ್ಕಳು ‘ಲೇಖನಿ’ ಎಂದು ಥಟ್ಟನೆ ಹೇಳಿಯಾರು. ಆ ಪಾರಸಿ ಮಾತೇ ರಾಮಾಯಣ, ಭಾರತಗಳನ್ನು ಬಟ್ಟೆಯ ಮೇಲೆ ಚಿತ್ರಿಸುವ ಕಲೆಗೂ ಹೆಸರಾಗಿದೆ. ಕಲಂಕಾರಿ ಎಂದರೆ ಲೇಖನಿಯ ಕೆಲಸ. ಶ್ರೀಕಾಳಹಸ್ತಿಯ ಕುಶಲಿಗಳು ತಮ್ಮ ತೆಲುಗಿನಲ್ಲಿ ಇದನ್ನು ‘ವ್ರಾತಪನಿ’ ಎಂದರು. ಅದಕ್ಕೂ ಅರ್ಥ ಬರೆಹದ ಕೆಲಸವೆಂದೇ. ದೇವರ ಕಥೆಯನ್ನು ಹೇಳಲು ಎರಡು ನುಡಿಗಳು ಹೀಗೆ ಕೈಗೂಡಿಸಿವೆ.

ಕಾಳಹಸ್ತಿ ನಮಗೆ ಹೊಸದಲ್ಲ. 1954ರ ‘ಬೇಡರ ಕಣ್ಣಪ್ಪ’ ಚಲಚ್ಚಿತ್ರವನ್ನು ಕಂಡವರೆಲ್ಲ ಆ ಕ್ಷೇತ್ರದ ಭಕ್ತನನ್ನು ಬಲ್ಲರು. ಅಲ್ಲಿಯ ಸ್ವರ್ಣಮುಖಿ ನದಿಯ ದಡದಲ್ಲಿ ಈ ಕಲೆ ಬೆಳೆಯಿತು.

ಇದರ ಕ್ರಮವನ್ನು ಕೇಳಿರಿ. ಹತ್ತಿಯ ಬಟ್ಟೆಯನ್ನು ಅಳಲೆಕಾಯಿ ಬೆರೆಸಿದ ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಮಸಿ ಹರಡದಂತೆ ತಡೆಯುತ್ತದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಸಿದರೆ ಮಸಿ ಸಿದ್ಧ. ಅದು ಅಳಲೆಯ ಒಗರನ್ನು ಮುಟ್ಟಿದೊಡನೆ ಕಪ್ಪಾಗುತ್ತದೆ. ಕೆಂಪು ಬೇಕಾದ ಕಡೆ ಪಟಿಕದ ನೀರನ್ನು ಬಳಿದು, ಬಳಿಕ ಬಣ್ಣದ ಬೇರಿನೊಡನೆ ಕುದಿಸುತ್ತಾರೆ. ಪಟಿಕವಿದ್ದಲ್ಲಿ ಮಾತ್ರ ಕೆಂಪು ನಿಲ್ಲುತ್ತದೆ. ಮತ್ತೆ ಮತ್ತೆ ಹರಿಯುವ ನೀರಿನಲ್ಲಿ ಒಗೆಯಬೇಕು.

ನಡುವೆ ಪಟ್ಟಾಭಿಷೇಕದಂಥ ದೊಡ್ಡ ಚಿತ್ರ, ಸುತ್ತ ಪಟ್ಟಿಪಟ್ಟಿಯಾಗಿ ಕಥೆಯ ಪ್ರಸಂಗಗಳು, ಅವುಗಳ ಜೊತೆಗೆ ತೆಲುಗಿನ ಒಕ್ಕಣೆ. ಗುಡಿಯಲ್ಲಿ ತೂಗುಬಿಟ್ಟಾಗ ಅಕ್ಷರ ಬಾರದವರಿಗೂ ಅದು ಪುರಾಣವಾಯಿತು.

ಹಳೆಯ ಬಟ್ಟೆಗಳು ನಮಗೆ ಉಳಿದಿರುವುದು ಅತಿ ವಿರಳ. ದೀಪದ ಹೊಗೆ, ತೇವ, ಹುಳು ಅವುಗಳನ್ನು ತಿಂದವು. ಆದರೆ ಗೌರಿಬಿದನೂರಿನಿಂದ ಹಿಂದೂಪುರದ ದಾರಿ ಹಿಡಿದು ಲೇಪಾಕ್ಷಿಗೆ ಹೋಗಿ ತಲೆಯೆತ್ತಿ ನೋಡಿರಿ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ಪಾರ್ವತಿಯ ಮದುವೆ, ಕಿರಾತಾರ್ಜುನರ ಕಥೆ ಉದ್ದುದ್ದ ಪಟ್ಟಿಗಳಲ್ಲಿ ಸಾಗುತ್ತವೆ. ಅಲ್ಲಿಯ ಜನರು ಉಟ್ಟ ಸೀರೆ, ಪಂಚೆಗಳ ಹೂಬಳ್ಳಿಯನ್ನೂ ಗೆರೆಗಳನ್ನೂ ಗಮನಿಸಿರಿ. ಅಳಿದ ಬಟ್ಟೆಗೆ ಕಲ್ಲಿನ ಮಾಳಿಗೆ ಸಾಕ್ಷಿ ಹೇಳುತ್ತಿದೆ.

ಪೋಷಕರಿಲ್ಲದೆ ಈ ವಿದ್ಯೆಯೂ ಅಳಿಯುವ ಹಂತಕ್ಕೆ ಬಂದಿತ್ತು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಅದಕ್ಕೆ ಆಸರೆಯಾದರು. 1950ರ ದಶಕದಲ್ಲಿ ಕಾಳಹಸ್ತಿಯಲ್ಲಿ ಶಿಕ್ಷಣ ಕೇಂದ್ರ ತೆರೆಯಿತು. ಉಳಿದಿದ್ದ ಹಿರಿಯರ ಕೈಯಿಂದ ವಿದ್ಯೆ ಕಿರಿಯರಿಗೆ ದಾಟಿತು. ಅಲ್ಲಿಯ ಜೆ. ಗುರಪ್ಪ ಚೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಸಂದಿತು.

ವಿದ್ಯೆಯೇನೋ ಉಳಿಯಿತು. ಕಳೆದುಹೋದ ಬಟ್ಟೆ ಮಾತ್ರ ಮರಳದು. ನಿಮ್ಮೂರಿನ ಗುಡಿಯ ಪೆಟ್ಟಿಗೆಯಲ್ಲಿ ಮಾಸಿದ ಚಿತ್ರದ ಬಟ್ಟೆಯೊಂದು ಸಿಕ್ಕೀತು. ಹರಿದಿದೆಯೆಂದು ಅದನ್ನು ಹೊಳೆಗೆ ಬಿಡುವ ಮುನ್ನ, ಬಿಸಿಲಿಗೆ ಹಿಡಿದು ಒಮ್ಮೆ ಓದಿ ನೋಡಿರಿ.