ಕಂಠಧಮನಿಯ ಹೆಸರೂ ಮಿದುಳಿನ ರಕ್ತವೂ

ಗ್ರೀಕ್ ಭಾಷೆಯಲ್ಲಿ 'ಕಾರೊಸ್' ಎಂದರೆ ಜಡನಿದ್ರೆ, ಮಂಪರು. ಕೊರಳಿನ ಇಕ್ಕೆಲಗಳಲ್ಲಿ ತಲೆಗೆ ಏರುವ ದೊಡ್ಡ ಧಮನಿಗಳಿಗೆ 'ಕರೋಟಿಡ್' ಎಂಬ ಹೆಸರು ಬಂದುದು ಈ ಶಬ್ದದಿಂದಲೇ. ಅವನ್ನು ಅದುಮಿದರೆ ಪ್ರಾಣಿಯು ಮೈಮರೆತು ದನಿಗೆಡುವುದೆಂದು ಪ್ರಾಚೀನರು ನಂಬಿದ್ದರು. ಹೆಸರಿನೊಳಗೆ ಸಿದ್ಧಾಂತವೊಂದು ಅಡಗಿ ಕುಳಿತಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

ದೋಷವು ಧಮನಿಯದಲ್ಲ, ಪಕ್ಕದ ನರದ್ದೆಂಬ ಮಾತು ಎಫೆಸಸ್ಸಿನ ರೂಫಸನಲ್ಲಿಯೇ ಕಂಡುಬರುತ್ತದೆ. ಕ್ರಿ. ಶ. 2ನೆಯ ಶತಮಾನದಲ್ಲಿ ಗೇಲನನು ಇದನ್ನು ಜೀವಂತ ಪ್ರಾಣಿಗಳಲ್ಲಿ ಪರೀಕ್ಷಿಸಿದನು. ಧಮನಿಯನ್ನು ನರದಿಂದ ಬಿಡಿಸಿ ಕಟ್ಟಿದರೆ ಪ್ರಾಣಿಯು ಮೂಕವಾಗದು, ಮಂಪರಿಗೂ ಬೀಳದು. ನರವನ್ನು ಸೇರಿಸಿ ಬಿಗಿದರೆ ಮಾತ್ರ ದನಿ ಅಡಗುವುದು. ಹಿಂದಿನವರು ಎರಡನ್ನೂ ಒಟ್ಟಿಗೆ ಕಟ್ಟಿ ಮೋಸಹೋಗಿದ್ದರು. ಗೇಲನನು ಕಂಡುದು ಸರಿಯೇ. ಆದರೆ ಮಿದುಳಿನ ಚೈತನ್ಯಕ್ಕೆ ಈ ಧಮನಿಗಳೇ ಮುಖ್ಯವಲ್ಲವೆಂದೂ ಮೂಗಿನಿಂದ ಒಳಸೇರುವ ವಾಯುವು ಅದನ್ನು ಪೋಷಿಸುವುದೆಂದೂ ಅದರಿಂದ ಅವನು ಊಹಿಸಿದನು. ಒಂದು ತಪ್ಪನ್ನು ತಿದ್ದಿದ ಕೈಯೇ ಇನ್ನೊಂದಕ್ಕೆ ಎಡೆಮಾಡಿತು.

ಪ್ರಾಣಿಯು ಸುಮ್ಮನೆ ಉಳಿದುದೇಕೆಂಬುದು ತಿಳಿದುದು ಬಹುಕಾಲದ ಮೇಲೆ. 1664ರಲ್ಲಿ ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸನು ಮಿದುಳಿನ ಬುಡದಲ್ಲಿ ಧಮನಿಗಳು ಒಂದರೊಡನೊಂದು ಕೂಡಿ ಬಳೆಯಂತಿರುವುದನ್ನು ವಿವರಿಸಿದನು. ಒಂದು ಕಡೆ ಹೊಗಿಸಿದ ಮಸಿಯು ಇನ್ನೊಂದು ಕಡೆಗೂ ಹರಿಯುತ್ತಿದ್ದಿತು. ಒಂದು ಕಾಲುವೆ ಮುಚ್ಚಿದರೂ ಕೆರೆ ಬತ್ತದು.

ಹಾಗಾದರೆ ಎಲ್ಲ ಕಾಲುವೆಗಳನ್ನೂ ಮುಚ್ಚಿದರೆ? 1836ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರನು ಮೊಲದ ಎರಡು ಕಂಠಧಮನಿಗಳನ್ನೂ ಕಟ್ಟಿ, ಕೊರಳಿನ ಮಣಿಗಳೊಳಗಿಂದ ಏರುವ ಉಳಿದೆರಡನ್ನು ಬೆರಳಿನಿಂದ ಅದುಮಿದನು. ಮೊಲದ ಉಸಿರು ನಿಂತಿತು, ಎಚ್ಚರ ತಪ್ಪಿತು, ಅಂಗಾಂಗಗಳು ಸೆಟೆದು ಒದರಿದವು. ಬೆರಳು ತೆಗೆದೊಡನೆ ಉಸಿರು ಮರಳಿತು. 1857ರಲ್ಲಿ ಕುಸ್‌ಮೌಲ್, ಟೆನ್ನರ್ ಎಂಬ ಜರ್ಮನ್ ವೈದ್ಯರು ಇಂಥ ಸೆಳವುಗಳಿಗೂ ಮಿದುಳಿನ ರಕ್ತಹೀನತೆಗೂ ಇರುವ ಸಂಬಂಧವನ್ನು ವಿಸ್ತಾರವಾಗಿ ಪರಿಶೀಲಿಸಿದರು. ಈ ಪ್ರಯೋಗಗಳ ಕ್ರೌರ್ಯವನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ.

ಮಂಗೋಲಿಯದ ಜರ್ಬಿಲ್ ಎಂಬ ಇಲಿಯಲ್ಲಿ ಬಳೆಯ ಹಿಂಬದಿಯ ಕೊಂಡಿಗಳು ಸಾಮಾನ್ಯವಾಗಿ ಇರುವುದಿಲ್ಲ. ಅದರ ಮುಮ್ಮಿದುಳಿಗೆ ಕಂಠಧಮನಿಗಳೇ ಗತಿ. ಅದರ ಮಟ್ಟಿಗೆ ಗ್ರೀಕರ ಹೆಸರು ಸುಳ್ಳಲ್ಲವೆನ್ನಬೇಕು. 1982ರಲ್ಲಿ ಜಪಾನಿನ ಕಿರಿನೋ ಎಂಬವರು ಆ ಧಮನಿಗಳನ್ನು 5 ನಿಮಿಷ ತಡೆದು ಬಿಟ್ಟರು. 'ಹಿಪೊಕ್ಯಾಂಪಸ್' ಎಂಬ ಭಾಗದ ಜೀವಕೋಶಗಳು ಒಡನೆ ಅಳಿಯದೆ, ರಕ್ತವು ಮರಳಿದ 2ನೆಯ ದಿನದಿಂದ ಕೆಡುತ್ತ ಬಂದು 4ನೆಯ ದಿನದೊಳಗೆ ಬಹುಮಟ್ಟಿಗೆ ನಾಶವಾದವು. ಹೀಗೆ ಬದುಕುಳಿದ ಇಲಿಯು ಎದ್ದು ತಿರುಗಾಡುವುದು, ಮೊದಲಿಗಿಂತ ಹೆಚ್ಚಾಗಿಯೇ ಓಡಾಡುವುದು. ಹೊಸ ಜಾಗದ ಗುರುತನ್ನು ಮನಸ್ಸಿನಲ್ಲಿ ಹಿಡಿಯಲಾರದೆ, ನೋಡಿದ ಮೂಲೆಯನ್ನೇ ಮತ್ತೆ ಮತ್ತೆ ಮೂಸುತ್ತಿರುವುದು.