ಡೆಕ್ಕನ್ ಏರ್‌ವೇಸಿನ ಹೊಸ ವೈಮಾನಿಕರು: ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಿಂದ ಒಂದು ವಿಚಾರ

ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಶಾಸನ, ಜಹಗೀರು, 1858ರ ಸುರಪುರದ ಬಂಡಾಯ, ರಜಾಕಾರರ ಹಾವಳಿ ಇವುಗಳ ಎಲ್ಲೆಯೊಳಗೇ ನಿಲ್ಲುವುದುಂಟು. ಅದು ಸಹಜವೇ. ಆದರೆ ಅದೇ ಸಂಸ್ಥಾನವು ತನ್ನ ಅಂತ್ಯಕಾಲದಲ್ಲಿ ಒಂದು ವಿಮಾನ ಕಂಪೆನಿಯ ಬಹುಪಾಲು ಒಡೆತನವನ್ನೂ ಹೊಂದಿತ್ತೆಂಬ ಸಂಗತಿಯ ಕಡೆಗೆ ನಮ್ಮ ವಿದ್ವಾಂಸರ ಗಮನವು ಅಷ್ಟಾಗಿ ಹರಿದಿಲ್ಲ. ಆ ಕಂಪೆನಿಗೆ ಹೊಸದಾಗಿ ಸೇರಿದ ವೈಮಾನಿಕನ ದುಡಿಮೆಯ ಸ್ವರೂಪವೇನು, ಯಾದಗಿರಿ, ಶಹಾಪುರ, ಸುರಪುರಗಳ ಹುಡುಗನೊಬ್ಬನಿಗೆ ಆ ದುಡಿಮೆಯ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ವಿಚಾರಕ್ಕೆ ಮೊದಲು ರೈಲಿನ ಮಾತನ್ನು ಎತ್ತಬೇಕಾಗುತ್ತದೆ. 1871ರಲ್ಲಿ ಮುಂಬಯಿ–ಮದರಾಸು ಹಾದಿಯು ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿಯು ಆ ಹಾದಿಯ ಮೇಲಿನ ನಿಲ್ದಾಣವಾಯಿತು. ಈ ಹಾದಿಯು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯದು; ನಿಜಾಮನದಲ್ಲ. ನಿಜಾಮನ ಹಾದಿಯು ಉತ್ತರದ ವಾಡಿಯಿಂದ ಕವಲೊಡೆದು 1874ರಲ್ಲಿ ಸಿಕಂದರಾಬಾದನ್ನು ಮುಟ್ಟಿತು. ಶಹಾಪುರ, ಸುರಪುರಗಳಿಗಂತೂ ರೈಲು ಬರಲೇ ಇಲ್ಲ. ಆ ಊರಿನವರು ಭೀಮಾನದಿಯ ಈಚೆಗೆ ಯಾದಗಿರಿಗೆ ಬಂದು, ವಾಡಿಯಲ್ಲಿ ಗಾಡಿ ಬದಲಿಸಿ, ತಮ್ಮದೇ ಸಂಸ್ಥಾನದ ರಾಜಧಾನಿಯನ್ನು ಸೇರಬೇಕಾಗಿತ್ತು. 1930ರಲ್ಲಿ ನಿಜಾಮ ಸರಕಾರವು ತನ್ನ ರೈಲನ್ನು ಕಂಪೆನಿಯಿಂದ ಕೊಂಡುಕೊಂಡಿತು. 1932ರಲ್ಲಿ ಅದೇ ಇಲಾಖೆ ಬಸ್ಸುಗಳನ್ನು ಓಡಿಸತೊಡಗಿತು. ಕಡೆಗೆ ವಿಮಾನಕ್ಕೂ ಕೈಹಾಕಿತು. ನೆಲದ ಗಾಡಿ ನಡೆಸುವವರೇ ಆಕಾಶದ ಗಾಡಿಯನ್ನೂ ನಡೆಸಲೆಂಬ ಈ ಏರ್ಪಾಡು ಅಂದಿನ ಹಿಂದುಸ್ಥಾನದಲ್ಲಿ ಅಪರೂಪದ್ದು. 1945ರಲ್ಲಿ ಸ್ಥಾಪಿತವಾದ ಡೆಕ್ಕನ್ ಏರ್‌ವೇಸಿನಲ್ಲಿ ನಿಜಾಮ ಸಂಸ್ಥಾನದ ರೈಲ್ವೆಗೆ ಶೇಕಡಾ 71 ಪಾಲೂ ಟಾಟಾ ಏರ್‌ಲೈನ್ಸಿಗೆ ಶೇಕಡಾ 29 ಪಾಲೂ ಇದ್ದುವು. ಬೇಗಂಪೇಟೆಯೇ ಅದರ ನೆಲೆ. 1946ರಲ್ಲಿ ಸಂಚಾರವು ಮೊದಲಾಯಿತು. ಮದರಾಸು, ಬೆಂಗಳೂರು, ಮುಂಬಯಿ, ನಾಗಪುರ, ದಿಲ್ಲಿಗಳು ಹೈದರಾಬಾದಿನೊಡನೆ ಸೇರಿದುವು. ನಮ್ಮ ಮೂರೂ ಊರುಗಳು ಈ ಯಾವ ಹಾದಿಯ ನೇರಕ್ಕೂ ಬರುತ್ತಿರಲಿಲ್ಲವೆಂಬುದು ನಕಾಶೆಯನ್ನು ನೋಡಿದರೆ ತಿಳಿಯುತ್ತದೆ.

ಕರ್ಣಾಟಕದ ನೆಲಕ್ಕೆ ಟಪಾಲು ವಿಮಾನವು ಬಂದದ್ದು ಇದಕ್ಕಿಂತ ಮುಂಚೆ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದನು. ಒಂದೇ ಎಂಜಿನಿನ ಆ ಪುಟ್ಟ ವಿಮಾನದಲ್ಲಿ ವೈಮಾನಿಕನು ಒಬ್ಬನೇ. ಅವನಿಗೆ ಶಿಷ್ಯನಿಲ್ಲ, ಮೇಲಧಿಕಾರಿಯೂ ಪಕ್ಕದಲ್ಲಿಲ್ಲ. ಡಕೋಟಾ ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಎರಡನೆಯ ಮಹಾಯುದ್ಧವು ಮುಗಿದಾಗ ಸೈನ್ಯಕ್ಕೆ ಬೇಡವಾದ ಡಕೋಟಾಗಳು ಅಗ್ಗದ ಬೆಲೆಗೆ ದೊರೆತುವು. ಕಂಪೆನಿಗಳು ಸಾಲುಸಾಲಾಗಿ ಹುಟ್ಟಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣ. ಅದರಲ್ಲಿ ಎಡಗಡೆಯ ಪೀಠ ಕ್ಯಾಪ್ಟನ್ನನದು, ಬಲಗಡೆಯದು ಸಹಚಾಲಕನದು, ಅವರ ಹಿಂದೆ ರೇಡಿಯೋ ನಿರ್ವಾಹಕ. ಹೊಸದಾಗಿ ಸೇರಿದವನ ಉದ್ಯೋಗವೆಲ್ಲ ಆ ಬಲಪೀಠದಲ್ಲಿಯೇ ಆರಂಭವಾಗುತ್ತಿತ್ತು.

ಆ ಪೀಠದ ದುಡಿಮೆಯು ಹೊರಗಿನವರು ಭಾವಿಸುವಷ್ಟು ಶೋಭಾಯಮಾನವಾದುದಾಗಿರಲಿಲ್ಲ. ಡಕೋಟಾದ ಬಾಲದ ಕಡೆ ಚಿಕ್ಕ ಗಾಲಿಯಿರುವುದರಿಂದ ನೆಲದ ಮೇಲೆ ನಿಂತಾಗ ಅದರ ಮೂತಿ ಆಕಾಶಕ್ಕೆ ಎತ್ತಿರುತ್ತದೆ. ಮುಂದಿನ ದಾರಿ ಚಾಲಕನಿಗೆ ಕಾಣುವುದಿಲ್ಲ. ಆದಕಾರಣ ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಅದನ್ನು ಓಟದ ಹಾದಿಗೆ ತರಬೇಕು. ಅಡ್ಡಗಾಳಿ ಬೀಸಿದಾಗ ಇಳಿಸುವುದು ಹೊಸಬರಿಗೆ ನಿಜವಾದ ಪರೀಕ್ಷೆ. ನೆಲ ಬಿಟ್ಟೊಡನೆ ಕ್ಯಾಪ್ಟನ್ನನ ಸೂಚನೆಯ ಮೇರೆಗೆ ಸಹಚಾಲಕನು ಸನ್ನೆಕೋಲನ್ನೆಳೆದು ಗಾಲಿಗಳನ್ನು ಮೇಲೆತ್ತಬೇಕು, ಎಂಜಿನುಗಳ ಉಷ್ಣತೆಯನ್ನು ಗಮನಿಸಬೇಕು, ಭಾರದ ಲೆಕ್ಕವನ್ನೂ ಹಾರಾಟದ ದಾಖಲೆಯನ್ನೂ ಬರೆದಿಡಬೇಕು. ಒಳಗೆ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡಿಲ್ಲದುದರಿಂದ ವಿಮಾನವು ಮೋಡಗಳನ್ನು ದಾಟಿ ಮೇಲೇರುವಂತಿರಲಿಲ್ಲ. ಮೋಡಗಳ ನಡುವೆಯೇ ಹೋಗಬೇಕು. ಮಳೆಯನ್ನು ಮುಂದಾಗಿ ತೋರಿಸುವ ರೇಡಾರೂ ಇರಲಿಲ್ಲ. ಮುಂಗಾರಿನಲ್ಲಿ ಮುಂಗಾಜಿನ ಸಂದಿನಿಂದ ನೀರು ಸೋರಿ ಚಾಲಕರ ಮೊಳಕಾಲನ್ನು ತೋಯಿಸುತ್ತಿದ್ದುದು ಜಗತ್ತಿನ ಎಲ್ಲ ಡಕೋಟಾ ವೈಮಾನಿಕರ ಸಾಮಾನ್ಯ ದೂರು. ಗಂಟೆಗೆ ಸುಮಾರು 240 ಕಿಲೋಮೀಟರು ವೇಗದ ಈ ವಾಹನದಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಎರಡು ಗಂಟೆಗೂ ಮಿಕ್ಕ ಕಾಲ ಹಿಡಿಯುತ್ತಿತ್ತು. ಮೋಡವಿಲ್ಲದ ದಿನ ನದಿ, ಕೆರೆ, ರೈಲುಹಳಿಗಳೇ ದಾರಿತೋರುಗ.

ಈ ಎಲ್ಲ ಶ್ರಮದ ಪ್ರತಿಫಲವನ್ನು ಸಹಚಾಲಕನು ಅಳೆಯುತ್ತಿದ್ದುದು ಗಂಟೆಗಳಲ್ಲಿ. ಹಾರಾಟದ ಗಂಟೆಗಳು ಲಾಗ್ ಪುಸ್ತಕದಲ್ಲಿ ಕೂಡುತ್ತ ಬಂದಂತೆ ಎಡಪೀಠವು ಹತ್ತಿರವಾಗುತ್ತಿತ್ತು. ಆದರೆ ಗಂಟೆಗಳು ಕೂಡಿದ ಮಾತ್ರಕ್ಕೆ ಪೀಠವು ದೊರೆಯುತ್ತಿತ್ತೆಂದು ಹೇಳಲಾಗದು. ಇದಕ್ಕೆ ಶ್ರೀಮತಿ ಪ್ರೇಮ್ ಮಾಥುರ್ ಅವರ ವೃತ್ತಾಂತವೇ ಸಾಕ್ಷಿ. ಅಲಹಾಬಾದಿನಲ್ಲಿ ಕಲಿತು 1947ರಲ್ಲಿ ವಾಣಿಜ್ಯ ಲೈಸೆನ್ಸನ್ನು ಪಡೆದ ಇವರನ್ನು, ಹೆಂಗಸು ನಡೆಸುವ ವಿಮಾನಕ್ಕೆ ಪ್ರಯಾಣಿಕರು ಹೆದರುವರೆಂಬ ನೆಪದಿಂದ ಎಂಟು ಕಂಪೆನಿಗಳು ತಿರಸ್ಕರಿಸಿದುವೆಂದು ಪ್ರಸಿದ್ಧಿಯಿದೆ. ಕೆಲಸ ಕೊಟ್ಟದ್ದು ಡೆಕ್ಕನ್ ಏರ್‌ವೇಸು. ಹೀಗೆ ಭಾರತದ ಮೊಟ್ಟಮೊದಲ ಮಹಿಳಾ ವಾಣಿಜ್ಯ ವೈಮಾನಿಕೆಯು ನಮ್ಮ ಸಂಸ್ಥಾನದ ಕಂಪೆನಿಯಲ್ಲಿಯೇ ಬಲಪೀಠವನ್ನೇರಿದರು. 1949ರ ರಾಷ್ಟ್ರೀಯ ವಿಮಾನ ಪಂದ್ಯವನ್ನೂ ಗೆದ್ದರು. ಆದರೂ ಬೇಕಾದ ಗಂಟೆಗಳು ಪೂರ್ಣವಾದ ಮೇಲೆಯೂ ಎಡಪೀಠವು ಅವರಿಗೆ ದಕ್ಕಲಿಲ್ಲ. ಅವರು ಕಂಪೆನಿಯನ್ನು ಬಿಟ್ಟು ದಿಲ್ಲಿಗೆ ಹೋದರು. ಕಂಪೆನಿಯ ಔದಾರ್ಯವನ್ನು ಮಾತ್ರ ಹೊಗಳಿ ಅದರ ಮಿತಿಯನ್ನು ಮರೆಮಾಚುವ ಬರಹಗಳನ್ನು ನಾವು ಒಪ್ಪಲಾರೆವು. ಒಳಗೆ ಬಿಟ್ಟುಕೊಳ್ಳುವುದು ಬೇರೆ, ಮೇಲೇರಲು ಬಿಡುವುದು ಬೇರೆ.

ಇನ್ನು ಯಾದಗಿರಿ, ಶಹಾಪುರ, ಸುರಪುರಗಳ ತರುಣನ ಪ್ರಶ್ನೆ. ಅವನ ಮನೆಯ ಮಾತು ಕನ್ನಡ. ಕಚೇರಿಯ ಮಾತು ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿ. ವೈಮಾನಿಕನ ಲೈಸೆನ್ಸಿನ ಪರೀಕ್ಷೆಯಾದರೋ ಇಂಗ್ಲಿಷಿನಲ್ಲಿ. ಮೂರು ಭಾಷೆಗಳ ಹೊಸ್ತಿಲನ್ನು ದಾಟಿದ ಮೇಲೆ ಹಾರಾಟದ ಕ್ಲಬ್ಬಿನ ಶುಲ್ಕವೆಂಬ ನಾಲ್ಕನೆಯ ಹೊಸ್ತಿಲು ಎದುರಾಗುತ್ತಿತ್ತು. ಸಂಸ್ಥಾನದ ನೌಕರಿಗಳು ಮುಲ್ಕಿಗಳಿಗೆ, ಎಂದರೆ ನಾಡಿಗರಿಗೆ, ಮೀಸಲೆಂಬ ನಿಯಮವಿತ್ತು. ಆದರೆ ಅರ್ಜಿಯ ಮೇಲೆ ಮುಲ್ಕಿಯೆಂದು ಬರೆದ ಮಾತ್ರಕ್ಕೆ ಹಾರಾಟದ ಗಂಟೆಗಳು ಲಾಗ್ ಪುಸ್ತಕಕ್ಕೆ ಇಳಿಯುವುದಿಲ್ಲವಷ್ಟೆ. ಅದಲ್ಲದೆ ಯುದ್ಧಾನಂತರ ವಾಯುಸೇನೆಯಿಂದ ಬಿಡುಗಡೆಯಾದ, ನೂರಾರು ಗಂಟೆ ಹಾರಿದ ತರುಣರು ದೇಶದಾದ್ಯಂತ ಇದೇ ಕೆಲಸಗಳಿಗಾಗಿ ಕಾದಿದ್ದರು. ಅವರೊಡನೆ ಸ್ಪರ್ಧಿಸುವ ಬಲ ಭೀಮಾ–ಕೃಷ್ಣೆಯರ ನಡುವಣ ಬಿಳಿಜೋಳದ ಹೊಲಗಳ ಒಕ್ಕಲಮಗನಿಗೆ ಎಲ್ಲಿಂದ ಬರಬೇಕು?

1948ರಲ್ಲಿ ವಿಮಾನವೆಂಬ ಮಾತಿಗೆ ಈ ಸೀಮೆಯಲ್ಲಿ ಬೇರೊಂದು ಅರ್ಥವೇ ಬಂದಿತು. ಭಾರತ ಸರಕಾರವು ಆರ್ಥಿಕ ನಿರ್ಬಂಧದ ಅಂಗವಾಗಿ ಆ ವರ್ಷದ ಮಧ್ಯಭಾಗದಲ್ಲಿ ಡೆಕ್ಕನ್ ಏರ್‌ವೇಸಿನ ಸಂಚಾರವನ್ನು ತಡೆಯಿತು. ಅತ್ತ ಆಸ್ಟ್ರೇಲಿಯದ ಸಿಡ್ನಿ ಕಾಟನ್ ಎಂಬವನು ಕರಾಚಿಯಿಂದ ನಿಜಾಮನಿಗೆ ರಾತ್ರಿವೇಳೆ ಕಳ್ಳತನದಿಂದ ಶಸ್ತ್ರಗಳನ್ನು ತಂದಿಳಿಸುತ್ತಿದ್ದನು. ಬೀದರದ ವಿಮಾನನೆಲೆಯೂ ಅದಕ್ಕೆ ಬಳಕೆಯಾಯಿತು. ಸಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮನು ಶರಣಾದನು. ಕಂಪೆನಿಯು ಮತ್ತೆ ಹಾರತೊಡಗಿತಾದರೂ ಅದರ ಆಯುಷ್ಯ ಬಹಳ ಉಳಿದಿರಲಿಲ್ಲ. 1950ರ ರಾಜಾಧ್ಯಕ್ಷ ಸಮಿತಿಯ ವಿಚಾರಣೆಯಲ್ಲಿ ದೇಶದ ವಿಮಾನ ಕಂಪೆನಿಗಳು ಅಗತ್ಯಕ್ಕಿಂತ ಹೆಚ್ಚಾಗಿರುವುದು ಸ್ಪಷ್ಟವಾಯಿತು. 1953ರ ಆಗಸ್ಟ್ 1ರಂದು ಡೆಕ್ಕನ್ ಏರ್‌ವೇಸು ಸೇರಿ ಎಂಟು ಕಂಪೆನಿಗಳು ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ನಿನಲ್ಲಿ ಲೀನವಾದುವು. ಎಂಟು ಪಟ್ಟಿಗಳನ್ನು ಒಂದಾಗಿಸುವಾಗ ಯಾರು ಹಿರಿಯರು, ಯಾರು ಕಿರಿಯರು ಎಂಬುದು ತರುಣ ಸಹಚಾಲಕನ ಪಾಲಿಗೆ ಸಂಬಳಕ್ಕಿಂತಲೂ ದೊಡ್ಡ ಪ್ರಶ್ನೆ. ಪ್ರೇಮ್ ಮಾಥುರ್ ಅವರೂ ಅದೇ ವರ್ಷ ಈ ಹೊಸ ಸಂಸ್ಥೆಯನ್ನು ಸೇರಿದರು.

ಗುಲಬರ್ಗಾ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಅಲ್ಲಿಗೆ ಪ್ರಯಾಣಿಕ ವಿಮಾನ ಬರಲು ಅರುವತ್ತು ವರ್ಷಗಳಿಗೂ ಮಿಕ್ಕ ಕಾಲ ಬೇಕಾಯಿತು. 2019ರ ನವೆಂಬರ್ 22ರಂದು ಕಲಬುರಗಿಯ ನಿಲ್ದಾಣವು ತೆರೆದು, ಸ್ಟಾರ್ ಏರ್ ಎಂಬ ಪ್ರಾದೇಶಿಕ ಕಂಪೆನಿಯ ಐವತ್ತು ಆಸನಗಳ ವಿಮಾನವು ಬೆಂಗಳೂರಿನಿಂದ ಬಂದಿಳಿಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟದ ಶಾಲೆಗಳಿಗಾಗಿ ಆಯ್ದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೊಡನೆ ಕಲಬುರಗಿಯೂ ಒಂದು. ವಾಣಿಜ್ಯ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರ ವೆಚ್ಚ ಹಲವು ಹತ್ತು ಲಕ್ಷ ರೂಪಾಯಿ. ಆ ಮೇಲೆ ಕಂಪೆನಿಯು ಹಾರಿಸುವ ಮಾದರಿಯ ವಿಮಾನಕ್ಕೆಂದೇ ಪ್ರತ್ಯೇಕ ತರಬೇತಿ. ಎಡಪೀಠಕ್ಕೆ ಬೇಕಾದ ಉನ್ನತ ಲೈಸೆನ್ಸಿಗೆ 1,500 ಗಂಟೆ. ಸಂವಿಧಾನದ 371-ಜೆ ವಿಧಿಯು ಹಿಂದಿನ ಹೈದರಾಬಾದ್ ಕರ್ಣಾಟಕದವರಿಗೆ ಸರಕಾರಿ ನೌಕರಿಯಲ್ಲಿಯೂ ವ್ಯಾಸಂಗದಲ್ಲಿಯೂ ಮೀಸಲಾತಿಗೆ ಎಡೆಮಾಡಿದೆ. ಖಾಸಗಿ ವಿಮಾನ ಕಂಪೆನಿಯ ಬಲಪೀಠವು ಅದರ ವ್ಯಾಪ್ತಿಗೆ ಬರುವುದಿಲ್ಲ. ಶಹಾಪುರದ ಒಬ್ಬ ವಿದ್ಯಾರ್ಥಿ ಇಂದು ವಾಡಿಯಲ್ಲಿ ಗಾಡಿ ಬದಲಿಸದೆ, ಬಸ್ಸಿನಲ್ಲಿ ಕೆಲವೇ ಗಂಟೆಗಳಲ್ಲಿ ಹಾರಾಟದ ಶಾಲೆಗೆಂದು ಆಯ್ದ ಆ ನಿಲ್ದಾಣದ ಬಾಗಿಲಿಗೆ ಹೋಗಿ ನಿಲ್ಲಬಲ್ಲನು. ಅಲ್ಲಿಂದ ಮುಂದೆ ಅವನನ್ನು ತಡೆಯುವುದು ಭಾಷೆಗಿಂತ ಹೆಚ್ಚಾಗಿ ಶುಲ್ಕ.